ಗಾಳಕ್ಕೆ ಯಾವ ಎರೆ? ಬಣ್ಣ ನೋಡಿ ದುಡ್ಡು ಕೊಡಬೇಡಿ, ಮೀನಿನ ಬಾಯಿ ನೋಡ್ರಿ

ಹಾನಗಲ್/ಹಿರೇಕೆರೂರು: ಮಿರಗದ ಮಳೆ ಬಿದ್ದು ಕೆರೆಗೆ ಹೊಸ ನೀರು ಇಳಿಯಲು ಶುರುವಾದರೆ ಸಾಕು, ಸಂತೆಯಲ್ಲಿ ಗಾಳ, ತಂಗೂಸಿ ದಾರ, ಬೆಂಡು ಕೇಳೋರು ಹೆಚ್ಚಾಗ್ತಾರೆ. ಮೊದಲು ಇಷ್ಟೇ ಇತ್ತು. ಈಗ ಹುಡುಗರು ಅಂಗಡಿಗೆ ಬಂದು ಮೊಬೈಲ್ ತೋರಿಸಿ "ಅಣ್ಣಾ, ಇಂಥಾ ಕಪ್ಪೆ ಐತೇನು? ಇಂಥಾ ಹೊಳಿಯೋ ಮೀನು ಐತೇನು?" ಅಂತ ಕೇಳ್ತಾರೆ. ರಬ್ಬರ್ ಕಪ್ಪೆ, ಪ್ಲಾಸ್ಟಿಕ್ ಮೀನು, ತಿರುಗೋ ಚಮಚ, ರೆಕ್ಕೆಪುಕ್ಕ ಕಟ್ಟಿದ ಫ್ಲೈ. ಅಂಗಡಿಯವರು ತರಿಸ್ತಾರೆ, ಹುಡುಗರು ಒಯ್ತಾರೆ, ಸಂಜೆಗೆ ಬರಿಗೈಲಿ ಮನೆಗೆ ಬರ್ತಾರೆ.

ನಾನೂ ಅವರಲ್ಲಿ ಒಬ್ಬ. ಡಿಗ್ರಿ ಅರ್ಧಕ್ಕೆ ಬಿಟ್ಟ ವರ್ಷ ಕೆಲಸ ಇರಲಿಲ್ಲ, ಕೆರೆ ದಂಡೆ ಇತ್ತು. ಆನ್‌ಲೈನ್‌ನಲ್ಲಿ 350 ರೂಪಾಯಿ ಕೊಟ್ಟು ನೀಲಿ ಬಣ್ಣದ, ಮಿಣಮಿಣ ಹೊಳೆಯೋ ಒಂದು ಪ್ಲಾಸ್ಟಿಕ್ ಮೀನು ತರಿಸಿದ್ದೆ. ನಾಲ್ಕು ದಿನ ಎಸೆದೆ. ಐದನೇ ದಿನ ಅದು ನೀರೊಳಗಿನ ಜಾಲಿ ಬೊಡ್ಡೆಗೆ ಸಿಕ್ಕು ಅಲ್ಲೇ ಉಳೀತು. ಪಕ್ಕದಲ್ಲೇ ಒಬ್ಬ ಅಜ್ಜ ಬಿದಿರು ಕೋಲಿಗೆ ತಿಪ್ಪೆಯ ಎರೆಹುಳ ಚುಚ್ಚಿ ಒಂದು ಚೀಲ ಜಿಲೇಬಿ ಮೀನು ಹಿಡಿದಿದ್ದರು. "ತಮ್ಮಾ, ನೀ ಮೀನಿಗೆ ಪೇಟೆ ತೋರಸಾಕತ್ತಿ, ಅದಕ್ಕ ಊಟ ಬೇಕಾಗೇತಿ" ಅಂದ್ರು.

ಆ ಮಾತಿನ ಹಿಂದೆ ಎಷ್ಟು ದೊಡ್ಡ ವಿದ್ಯೆ ಐತಿ ಅನ್ನೋದು ನನಗೆ ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು.

ಟ್ರೌಟ್ ಹಿಡಿಯೋರು ಕಲಿಸೋ ಪಾಠ

ಫ್ಲೈ ಅನ್ನೋದು ಹುಟ್ಟಿದ್ದು ಟ್ರೌಟ್ ಅನ್ನೋ ತಣ್ಣೀರಿನ ಮೀನಿಗಾಗಿ. ಗಾಳದ ಕೊಕ್ಕೆಗೆ ದಾರ, ಉಣ್ಣೆ, ಕೋಳಿಪುಕ್ಕ ಸುತ್ತಿ ಹುಳದ ಥರ ಕಾಣೋ ಹಾಗೆ ಮಾಡೋದು. ಇದು ಇವತ್ತಿನದಲ್ಲ. ಸುಮಾರು 1,800 ವರ್ಷದ ಹಿಂದೆ ರೋಮ್ ಸಾಮ್ರಾಜ್ಯದಲ್ಲಿದ್ದ ಈಲಿಯನ್ ಅನ್ನೋ ಲೇಖಕ ಮೆಸಿಡೋನಿಯಾದ ಒಂದು ನದಿಯ ಜನ ಹೀಗೆ ಮೀನು ಹಿಡಿಯೋದನ್ನ ಬರೆದಿಟ್ಟಿದ್ದಾನೆ. ಅಲ್ಲಿ ನೀರಿನ ಮೇಲೆ ಹಾರೋ ಒಂದು ಹುಳವನ್ನ ಮೀನು ತಿನ್ನುತ್ತಿದ್ದವು. ಆ ಹುಳವನ್ನೇ ಹಿಡಿದು ಚುಚ್ಚೋಣ ಅಂದ್ರೆ ಕೈ ತಾಗಿದ ಕೂಡಲೇ ಅದರ ಬಣ್ಣ ಹೋಗಿ ರೆಕ್ಕೆ ಮುದುಡುತ್ತಿತ್ತು. ಅದಕ್ಕೆ ಅವರು ಕೊಕ್ಕೆಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳ ಕೆಳಗಿನ ಎರಡು ಪುಕ್ಕ ಕಟ್ಟಿದರು. ನೋಡ್ರಿ, ಅವರು ಮೊದಲು ಮೀನು ಏನು ತಿಂತೈತಿ ಅಂತ ನೋಡಿದರು, ಆಮೇಲೆ ಪುಕ್ಕ ಹುಡುಕಿದರು. ನಾವು ಉಲ್ಟಾ ಮಾಡ್ತೀವಿ. ಮೊದಲು ಪುಕ್ಕ ಕೊಳ್ತೀವಿ, ಆಮೇಲೆ ಮೀನು ಹುಡುಕ್ತೀವಿ.

ನಮ್ಮ ದೇಶಕ್ಕೆ ಟ್ರೌಟ್ ಬಂದದ್ದು ಬ್ರಿಟಿಷರ ಕಾಲದಲ್ಲಿ. 1900ರಲ್ಲಿ ಕಾಶ್ಮೀರಕ್ಕೆ, ಮುಂದೆ ಕೆಲವೇ ವರ್ಷದಲ್ಲಿ ನೀಲಗಿರಿಗೆ. ನಮ್ಮ ಕಡೆ ಅದು ಬದುಕೋ ಮೀನಲ್ಲ. ಅದಕ್ಕೆ 10ರಿಂದ 18 ಡಿಗ್ರಿ ತಂಪಿನ, ಹರಿಯೋ, ತಿಳಿ ನೀರು ಬೇಕು. ನೀರು 25 ಡಿಗ್ರಿ ದಾಟಿದರೆ ಬಹಳ ಹೊತ್ತು ತಡೆಯಲ್ಲ. ಏಪ್ರಿಲ್‌ನಲ್ಲಿ ನಮ್ಮ ಕೆರೆಗೆ ಕಾಲಿಟ್ಟು ನೋಡಿದರೆ ಗೊತ್ತಾಗುತ್ತೆ, ಸ್ನಾನಕ್ಕೆ ಕಾಯಿಸಿದ ಹಾಗಿರುತ್ತೆ.

ಮೀನು ಬರಲಿಲ್ಲ ಅಂದ್ರೂ ಅದನ್ನ ಹಿಡಿಯೋ ಲೆಕ್ಕ ನಮಗೆ ಬೇಕು. ಟ್ರೌಟ್ ಹಿಡಿಯೋನು ಹೊಳೆ ದಂಡೆಗೆ ಹೋದ ಕೂಡಲೇ ಗಾಳ ಬಿಡಲ್ಲ. ಮೊದಲು ಒಂದು ಕಲ್ಲು ಎತ್ತಿ ಅದರ ಅಡಿಗೆ ಯಾವ ಹುಳ ಅಂಟಿಕೊಂಡೈತಿ ಅಂತ ನೋಡ್ತಾನೆ. ಮೇಫ್ಲೈ ಅನ್ನೋ ಹುಳ ಅದರ ಬದುಕಿನ ಬಹುಪಾಲು ನೀರಡಿ ಮರಿಯಾಗೇ ಕಳೆದು, ರೆಕ್ಕೆ ಬಂದ ಮೇಲೆ ಒಂದೆರಡು ದಿನ ಬದುಕಿ ಸಾಯುತ್ತೆ. ಅದು ಮರಿಯಾಗಿದ್ದಾಗ ಮೀನು ತಳದಲ್ಲಿ ತಿನ್ನುತ್ತೆ, ಮೇಲಕ್ಕೆ ಏಳುವಾಗ ನಡುನೀರಲ್ಲಿ ತಿನ್ನುತ್ತೆ, ರೆಕ್ಕೆ ಬಿಚ್ಚಿ ಕೂತಾಗ ಮೇಲೆ ಬಂದು ತಿನ್ನುತ್ತೆ. ಹುಳ ಒಂದೇ, ಫ್ಲೈ ಮೂರು ಥರ ಬೇಕು. ತೇಲೋದು ಒಂದು, ಮುಳುಗೋದು ಒಂದು, ತಳ ಸೇರೋದು ಒಂದು. ಅಲ್ಲಿಯವರು ಆರಿಸೋ ಕ್ರಮ ಹೀಗೆ: ಮೊದಲು ಎಷ್ಟು ಆಳ, ಆಮೇಲೆ ಎಷ್ಟು ಗಾತ್ರ, ಆಮೇಲೆ ಹೆಂಗ ಅಲುಗಾಡುತ್ತೆ, ಕಡೆಗೆ ಬಣ್ಣ. ನಾನು 350 ರೂಪಾಯಿ ಕೊಟ್ಟದ್ದು ಕಡೆಯದಕ್ಕೆ.

ಬಣ್ಣ ಯಾಕೆ ಕಡೆಗೆ ಅಂದ್ರೆ ನೀರೊಳಗೆ ಬೆಳಕು ಪೂರ್ತಿ ಇಳಿಯಲ್ಲ. ಕೆಂಪು ಬಣ್ಣವೇ ಎಲ್ಲಕ್ಕಿಂತ ಮೊದಲು ಮಾಯವಾಗೋದು. ತಿಳಿ ನೀರಲ್ಲೇ ಹಿಂಗಾದರೆ, ಮಳೆಗಾಲದಲ್ಲಿ ಚಹಾದಂಗಾಗೋ ನಮ್ಮ ಕೆರೆ ನೀರಲ್ಲಿ ಒಂದು ಗೇಣು ಆಳಕ್ಕೆ ಏನು ಕಾಣುತ್ತೆ ಹೇಳ್ರಿ. ಅಂಥ ನೀರಲ್ಲಿ ಮೀನು ವಾಸನೆ ಮೇಲೆ, ರುಚಿ ಮೇಲೆ, ನೀರಿನ ಅಲುಗಾಟದ ಮೇಲೆ ಬರುತ್ತೆ. ಸಂಜೆ ಹೊತ್ತು ಮೇಲ್ನೀರಲ್ಲಿ ಎಸೆಯೋದಾದ್ರೆ ಬೆಳ್ಳಿ ಬಣ್ಣಕ್ಕಿಂತ ಕಪ್ಪೇ ಮೇಲು. ಮೀನು ಕೆಳಗಿಂದ ನೋಡುತ್ತೆ, ಆಕಾಶದ ಬೆಳಕಿಗೆ ಎದುರಾಗಿ ಕಪ್ಪು ನೆರಳು ಚೊಲೋ ಕಾಣುತ್ತೆ.

ನಮ್ಮ ದೊರೆ ಬರೆಸಿದ ಗಾಳದ ಅಧ್ಯಾಯ

ಇದೆಲ್ಲ ಹೊರಗಿನವರ ವಿದ್ಯೆ ಅಂದ್ಕೋಬೇಡಿ. ಹಾನಗಲ್ಲಿನ ತಾರಕೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು ಅಂತ ಎಲ್ಲರಿಗೂ ಗೊತ್ತು. ಅದೇ ವಂಶದ ದೊರೆ ಮೂರನೇ ಸೋಮೇಶ್ವರ, 12ನೇ ಶತಮಾನದ ಮೊದಲರ್ಧದಲ್ಲಿ ಆಳಿದವನು, 'ಮಾನಸೋಲ್ಲಾಸ' ಅನ್ನೋ ಸಂಸ್ಕೃತ ಗ್ರಂಥ ರಚಿಸಿದ. ಅಡುಗೆ, ಆನೆ, ಸಂಗೀತ, ಕುಸ್ತಿ ಎಲ್ಲಾ ಅದರಲ್ಲಿ ಐತಿ. ಜೊತೆಗೆ 'ಮತ್ಸ್ಯವಿನೋದ' ಅಂತ ಗಾಳ ಹಾಕೋದರ ಬಗ್ಗೆಯೇ ಒಂದು ಅಧ್ಯಾಯ. ಸಮುದ್ರದ್ದು, ಹೊಳೆಯದ್ದು ಸೇರಿ ಸುಮಾರು 35 ಥರದ ಮೀನು, ಹುರುಪೆ ಇರೋವು ಯಾವವು, ಇಲ್ಲದವು ಯಾವವು, ಎಲ್ಲಿ ಇರ್ತಾವೆ, ಅವಕ್ಕೆ ಎಂಥ ಮೇವು ಹಾಕಿ ರೂಢಿ ಮಾಡಬೇಕು ಅಂತ ವಿವರಿಸುತ್ತೆ. ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದ ಮೇಲೆ ಹೊರಗಿನವರಿಗೂ ಗೊತ್ತಾಯ್ತು.

ಅಂದ್ರೆ ಒಂಬೈನೂರು ವರ್ಷದ ಹಿಂದೆಯೇ ನಮ್ಮ ಸೀಮೆಯ ದೊರೆ ಮೀನಿನ ಜಾತಿ ನೋಡಿ ಮೇವು ಆರಿಸೋದನ್ನ ಶಾಸ್ತ್ರ ಮಾಡಿಟ್ಟಿದ್ದ. ನನಗೆ ಇದು ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ. ಹೇಳಿದ್ದರೆ ಬಹುಶಃ ಇನ್ನೊಂದು ವರ್ಷ ಕೂತಿರುತ್ತಿದ್ದೆ.

ಬಾಯಿ ಮೇಲಕ್ಕೋ, ಕೆಳಕ್ಕೋ?

ನಮ್ಮ ಕೆರೆಗಳ ವಿಷಯಕ್ಕೆ ಬರೋಣ. ಹಾನಗಲ್ಲಿನ ಆನೆಕೆರೆ, ಶಿಗ್ಗಾಂವಿಯ ನಾಗನೂರು ಕೆರೆ, ಸವಣೂರಿನ ಮೋತಿ ತಲಾಬ್, ಹೆಸರಲ್ಲೇ ಕೆರೆ ಇಟ್ಟುಕೊಂಡ ಹಿರೇಕೆರೂರು, ಕುಮದ್ವತಿಗೆ ಅಡ್ಡ ಕಟ್ಟಿದ ಮಾಸೂರಿನ ಮದಗದ ಕೆರೆ. ಇವುಗಳ ಜೊತೆ ವರದಾ, ಧರ್ಮಾ ಹೊಳೆ. ನಮ್ಮ ಕಡೆ ಸಿಗೋ ಮೀನು ಹೆಚ್ಚುಕಡಿಮೆ ಒಂದೇ ಪಟ್ಟಿ. ಮೀನು ಮಾರೋರ ಬುಟ್ಟಿ ಹತ್ತಿರ ಹೋಗಿ ಒಂದೊಂದರ ಬಾಯಿ ನೋಡ್ರಿ. ದುಡ್ಡಿಲ್ಲದ ಪಾಠ ಅದು.

ಕಾಟ್ಲಾ ಮೀನಿನ ತಲೆ ದೊಡ್ಡದು, ಬಾಯಿ ಮೇಲಕ್ಕೆ ತೆರೆದಿರುತ್ತೆ. ಅದು ಮೇಲ್ನೀರಲ್ಲಿ ಓಡಾಡಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನ ಸೋಸಿ ತಿನ್ನುತ್ತೆ. ಹಂಗಾಗಿ ತಳಕ್ಕೆ ಬಿಟ್ಟ ಎರೆಹುಳಕ್ಕೆ ಕಾಟ್ಲಾ ಬೀಳೋದು ಅಪರೂಪ. ಇದಕ್ಕೆ ಹಿಟ್ಟನ್ನ ಸಡಿಲಾಗಿ ಕಲಸಿ, ಬೆಂಡಿನಿಂದ ಎರಡು-ಮೂರು ಅಡಿ ಕೆಳಗೆ ತೂಗಬಿಡಬೇಕು. ಹಿಟ್ಟು ನೀರಲ್ಲಿ ಮೆಲ್ಲಗೆ ಕರಗಿ ಮೋಡದಂಗ ಹರಡಬೇಕು. ಆ ಮೋಡ ಹೀರಲು ಬಂದಾಗ ಕೊಕ್ಕೆಯೂ ಒಳಗೆ ಹೋಗುತ್ತೆ. ಇಲ್ಲಿ ಗಟ್ಟಿ ಉಂಡೆ ಮಾಡಿದರೆ ಕೆಲಸ ಕೆಟ್ಟಂಗೆ.

ರೋಹುವಿನ ತುಟಿ ಅಂಚು ಜಾಲರಿಯಂಗ ಇರುತ್ತೆ, ಬಾಯಿ ಸ್ವಲ್ಪ ಕೆಳಮುಖ. ನಡುನೀರಿಂದ ಕೆಳಕ್ಕೆ ಮೇಯುತ್ತೆ. ಮೃಗಾಲ್ ಇನ್ನೂ ಕೆಳಗೆ, ತಳದ ಕೊಳೆತ ಎಲೆ-ಕಸ ತಿನ್ನೋದು. ಸಾಮಾನ್ಯ ಗೆಂಡೆಯ ಬಾಯಿ ಕೊಳವೆಯಂಗ ಮುಂದಕ್ಕೆ ಚಾಚುತ್ತೆ, ಬಾಯಿ ಪಕ್ಕ ಸಣ್ಣ ಮೀಸೆ. ಅದು ಹಂದಿ ನೆಲ ಕೆದರಿದಂಗ ಕೆಸರು ಕೆದರುತ್ತೆ. ನಿಂತ ನೀರಲ್ಲಿ ಒಂದೇ ಕಡೆ ಗುಳ್ಳೆ ಗುಳ್ಳೆ ಏಳ್ತಿದ್ದರೆ ಅಲ್ಲಿ ಗೆಂಡೆ ಇರಬಹುದು ಅಂತ ಹಳಬರು ಹೇಳೋದು ಅದಕ್ಕೇ. ಈ ಮೂರಕ್ಕೂ ಹಿಟ್ಟಿನ ಉಂಡೆ ತಳ ಮುಟ್ಟಬೇಕು, ಗಟ್ಟಿಯೂ ಇರಬೇಕು.

ಉಂಡೆ ಮಾಡೋದರಲ್ಲಿ ಬಹಳ ಜನ ಸೋಲ್ತಾರೆ. ನಮ್ಮ ಜಿಲ್ಲೆಯಲ್ಲಿ ಗೋವಿನಜೋಳಕ್ಕೆ ಬರ ಇಲ್ಲ, ಹಿಟ್ಟು ಮನೆಯಲ್ಲೇ ಇರುತ್ತೆ. ಆದರೆ ಗೋವಿನಜೋಳದ ಹಿಟ್ಟಿಗೆ ತಣ್ಣೀರು ಹಾಕಿ ಕಲಸಿದರೆ ಅಂಟು ಬರಲ್ಲ, ನೀರಿಗೆ ಬಿದ್ದ ಕೂಡಲೇ ಪುಡಿಪುಡಿ. ಜೋಳದ ರೊಟ್ಟಿಗೆ ಅವ್ವ ಹೆಂಗ ಕುದಿಯೋ ನೀರು ಹಾಕಿ ನಾದ್ತಾಳೋ ಹಂಗ ಮಾಡ್ರಿ, ಮೇಲೆ ನಾಲ್ಕನೇ ಒಂದು ಪಾಲು ಗೋಧಿ ಹಿಟ್ಟು ಸೇರಿಸ್ರಿ. ಗೋಧಿಯ ಅಂಟು ಹಿಡಿದಿಡುತ್ತೆ. ಒಂದಿಷ್ಟು ಶೇಂಗಾ ಹಿಂಡಿ ಪುಡಿ, ಚಿಟಿಕೆ ಇಂಗು ಅಥವಾ ಜಜ್ಜಿದ ಬೆಳ್ಳುಳ್ಳಿ. ಕೆರೆಗೆ ಹೋಗೋಕೆ ಮೊದಲು ಮನೆ ಬಕೆಟ್‌ನಲ್ಲಿ ಕೊಕ್ಕೆ ಸಮೇತ ಬಿಟ್ಟು ನೋಡ್ರಿ. ಗೆಂಡೆಗಾದರೆ ಹತ್ತು ನಿಮಿಷ ನಿಲ್ಲಬೇಕು. ಕಾಟ್ಲಾಕ್ಕಾದರೆ ಎರಡು ನಿಮಿಷಕ್ಕೇ ಅಂಚು ಕರಗಲು ಶುರುವಾಗಬೇಕು. ಕಾವೇರಿ ದಂಡೆಯಲ್ಲಿ ದೊಡ್ಡ ಮಾಶೀರ್ ಮೀನಿಗೆ ರಾಗಿ ಉಂಡೆಯನ್ನೇ ಹಾಕುತ್ತಿದ್ದರು. ದೇಶ-ವಿದೇಶದಿಂದ ದುಬಾರಿ ಕೋಲು ಹಿಡಿದು ಬಂದವರೂ ಭೀಮೇಶ್ವರಿಯಲ್ಲಿ ಕಡೆಗೆ ಸ್ಥಳೀಯರು ಬೇಯಿಸಿ ಕೊಟ್ಟ ರಾಗಿ ಉಂಡೆಗೇ ಶರಣಾದರು. ಆ ಕಿತ್ತಳೆ ರೆಕ್ಕೆಯ ಮಾಶೀರ್ ಈಗ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನ ಅತಿ ಹೆಚ್ಚು ಅಪಾಯದಲ್ಲಿರೋ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಿದರು.

ಹುಲ್ಲು ಗೆಂಡೆ ಬಿಟ್ಟ ಕೆರೆಯಾದರೆ ಹಿಟ್ಟೂ ಬೇಡ, ಹುಳವೂ ಬೇಡ. ಎಳೆ ಗೋವಿನಜೋಳದ ಗರಿ ಒಂದಿಷ್ಟು ಮಡಚಿ ಕೊಕ್ಕೆಗೆ ಕಟ್ಟಿ ಮೇಲೆ ತೇಲಬಿಡ್ರಿ.

ಜಿಲೇಬಿ ಮೀನು, ಅಂದ್ರೆ ತಿಲಾಪಿಯಾ, 1952ರಲ್ಲಿ ಹೊರದೇಶದಿಂದ ತಂದದ್ದು. ಸಿಕ್ಕಿದ್ದೆಲ್ಲಾ ತಿನ್ನುತ್ತೆ, ಎಲ್ಲಾ ಕಡೆ ತುಂಬಿಕೊಳ್ಳುತ್ತೆ. ಬಾಯಿ ಸಣ್ಣದು, ಹಂಗಾಗಿ ಎರೆಹುಳದ ಅರ್ಧ ತುಂಡು ಸಾಕು. ಮಕ್ಕಳಿಗೆ ಗಾಳ ಕಲಿಸೋರು ಇದರಿಂದಲೇ ಶುರು ಮಾಡ್ರಿ.

ಬಾಳೆ ಮೀನು, ಮುರುಗೋಡು ಇಂಥ ಮೀಸೆಯವು ಬೇರೆ ಲೆಕ್ಕ. ಅವು ಕತ್ತಲಲ್ಲಿ, ಕೆಸರಲ್ಲಿ ಮೀಸೆಯಿಂದ ರುಚಿ ನೋಡಿ ಬೇಟೆ ಹುಡುಕೋವು. ಅವಕ್ಕೆ ಎಷ್ಟು ಹೊಳೆಯೋ ಪ್ಲಾಸ್ಟಿಕ್ ಎಸೆದರೂ ವ್ಯರ್ಥ. ಕೋಳಿ ಅಂಗಡಿಯ ಈಲಿ, ಕರುಳು, ಸತ್ತ ಸಣ್ಣ ಮೀನು ಇದ್ದರೆ ಸಾಕು. ಉಳಿದ ಕರುಳಿನ ಚೀಲವನ್ನ ಕೆರೆಗೆ ಸುರುವಿ ಬರಬೇಡಿ. ಅದೇ ನೀರು ದನ ಕುಡೀತಾವ, ಕೆಲವು ಕಡೆ ಮನುಷ್ಯರೂ.

ಅಂಗಡಿಯವರಿಗೆ ಒಂದು ಮಾತು. ನಮ್ಮ ಕಡೆ ಸಿಗೋದು ಬರೀ ದೊಡ್ಡ ಕೊಕ್ಕೆ. ಕೊಕ್ಕೆಯ ನಂಬರ್ ಹೆಚ್ಚಾದಂಗ ಗಾತ್ರ ಸಣ್ಣದಾಗುತ್ತೆ. ಪಕ್ಕೆಯಂಥ ಸಣ್ಣ ಮೀನಿಗೆ 14-16, ಜಿಲೇಬಿಗೆ 10-12, ರೋಹು-ಮೃಗಾಲಿಗೆ 6-8 ಹೊಂದುತ್ತೆ. 1/0, 2/0 ಅಂತ ಬರೆದದ್ದು ಮತ್ತೆ ದೊಡ್ಡದಾಗ್ತಾ ಹೋಗೋದು, ಅವು ಕೊರವ-ಬಾಳೆಗೆ. ಸಣ್ಣ ನಂಬರಿನ ಪೊಟ್ಟಣ ನಾಲ್ಕು ಇಟ್ಟುಕೊಳ್ರಿ. ರಬ್ಬರ್ ಕಪ್ಪೆ ಒಂದು ಸಲ ಕೊಂಡವನು ಮತ್ತೆ ಬರಲ್ಲ, ಸಣ್ಣ ಕೊಕ್ಕೆ ಕೊಂಡವನು ವಾರವಾರ ಬರ್ತಾನೆ.

ಒರಲೆ ಹಾರೋ ಸಂಜೆ

ಹಂಗಾದ್ರೆ ಫ್ಲೈ ನಮ್ಮಲ್ಲಿ ಕೆಲಸಕ್ಕೇ ಬರಲ್ಲವಾ? ಬರುತ್ತೆ. ವರ್ಷದಲ್ಲಿ ಕೆಲವೇ ಸಂಜೆ.

ಮೊದಲ ಜೋರು ಮಳೆ ಬಿದ್ದ ಮೇಲೆ ಹುತ್ತದಿಂದ ರೆಕ್ಕೆ ಬಂದ ಒರಲೆ ಎದ್ದು ಹಾರೋದು ಎಲ್ಲರೂ ನೋಡಿದ್ದೀರಿ. ಮನೆ ಲೈಟ್ ಆರಿಸಿ ಕೂಡ್ತೀವಲ್ಲ, ಆ ಹೊತ್ತು. ಅದೇ ಹೊತ್ತಿಗೆ ಕೆರೆಯಲ್ಲಿ ಏನಾಗುತ್ತೆ ಅಂತ ಯಾರಾದ್ರೂ ಹೋಗಿ ನೋಡಿದ್ದೀರಾ? ಸಾವಿರಾರು ಒರಲೆ ನೀರಿಗೆ ಬೀಳ್ತಾವ. ಪಕ್ಕೆ, ಜಿಲೇಬಿ, ಸಣ್ಣ ಬೆಳ್ಳಿ ಮೀನುಗಳು ಮೇಲಕ್ಕೆ ಬಂದು ಚಟಪಟ ಚಟಪಟ ತಿಂತಾವ. ನೀರಿನ ಮೇಲೆ ಮಳೆಹನಿ ಬಿದ್ದಂಗ ಉಂಗುರ. ಟ್ರೌಟ್ ಹೊಳೆಯಲ್ಲಿ ಮೇಫ್ಲೈ ಏಳೋ ಹೊತ್ತು ಅಂತಾರಲ್ಲ, ನಮ್ಮ ಸೀಮೆಗೆ ಅದು ಇದೇ.

ಆ ಸಂಜೆ ಎರೆಹುಳ ಹಾಕಿದರೆ ಮೀನು ತಿರುಗಿಯೂ ನೋಡಲ್ಲ, ಎಲ್ಲವೂ ಮೇಲೆ ನೋಡ್ತಿರ್ತಾವ. ಒರಲೆಯನ್ನೇ ಕೊಕ್ಕೆಗೆ ಚುಚ್ಚಿದರೆ ಮೆತ್ತಗಿನ ಹೊಟ್ಟೆ ಒಡೆದು ರೆಕ್ಕೆ ಉದುರುತ್ತೆ. ಮೆಸಿಡೋನಿಯಾದವರಿಗೆ ಬಂದ ಕಷ್ಟವೇ ನಮಗೂ. ಹಂಗಾಗಿ ಒಂದು ಪುಕ್ಕದ ಹುಳ ಮಾಡಿಕೊಳ್ಳೋಣ. 14 ನಂಬರಿನ ಕೊಕ್ಕೆ, ಟೇಲರ್ ಅಂಗಡಿಯ ಕಂದು ದಾರ, ನಾಟಿ ಹುಂಜದ ಕೊರಳಿನ ಒಂದು ಪುಕ್ಕ. ಕೊಕ್ಕೆಯ ಉದ್ದಕ್ಕೂ ದಾರ ಸುತ್ತಿ ಒರಲೆ ಹೊಟ್ಟೆಯಷ್ಟು ದಪ್ಪ ಮಾಡ್ರಿ. ಪುಕ್ಕದ ಬುಡ ಕಟ್ಟಿ, ತುದಿ ಹಿಡಿದು ಮೂರು-ನಾಲ್ಕು ಸುತ್ತು ಸುತ್ತಿ ಬಿಗೀರಿ. ಎಳೆಗಳು ಸುತ್ತಲೂ ಬಿರುಸಾಗಿ ನಿಲ್ತಾವ. ಬೆರಳಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಸವರಿದರೆ ತೇಲುತ್ತೆ. ಖರ್ಚು ಐದು ರೂಪಾಯಿ ಮೀರಲ್ಲ. ನನ್ನ ಮೊದಲ ಫ್ಲೈ ಸತ್ತ ಜಿರಳೆಯಂಗ ಇತ್ತು, ಆದರೂ ಮೂರು ಪಕ್ಕೆ ಬಿದ್ದವು. ಮೀನಿಗೆ ಅಂದ ಬೇಕಿಲ್ಲ, ಗಾತ್ರ ಮತ್ತೆ ತೇಲೋದು ಸರಿ ಇರಬೇಕು.

ಪುಕ್ಕದ ವಿಷಯದಲ್ಲಿ ಒಂದು ಎಚ್ಚರ. ಬ್ರಿಟಿಷರ ಕಾಲದ ಹೆಸರಾಂತ ಸಾಲ್ಮನ್ ಫ್ಲೈಗಳಲ್ಲಿ ಕಣ್ಣಿನಂಗ ಹೊಳೆಯೋ ಒಂದು ಪುಕ್ಕ ಇರುತ್ತೆ. ಅದು ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕೊರಳಿನದು. ಕಾಡುಕೋಳಿ, ನವಿಲು ಎರಡೂ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿ ಅದಾವ. ಅವಕ್ಕೆ ಕೈ ಹಚ್ಚಬೇಡಿ. ಮನೆ ಹುಂಜ ಸಾಕು.

ಫ್ಲೈಗೆ ತೂಕ ಇಲ್ಲ, ದೂರ ಎಸೆಯೋಕೆ ಬರಲ್ಲ. ಹೊರದೇಶದವರು ದಪ್ಪ ದಾರದ ತೂಕದಿಂದ ಎಸೀತಾರೆ, ಅದಕ್ಕೆ ಸಾವಿರಾರು ರೂಪಾಯಿಯ ಸಾಮಾನು ಬೇಕು. ಆದರೆ ಜಪಾನಿನ ಗುಡ್ಡದ ಜನ 'ತೆಂಕಾರಾ' ಅನ್ನೋ ಪದ್ಧತಿಯಲ್ಲಿ ಉದ್ದ ಕೋಲಿನ ತುದಿಗೆ ದಾರ ಕಟ್ಟಿ, ಚಕ್ರ-ಗಿಕ್ರ ಇಲ್ಲದೆ ಫ್ಲೈ ಬಿಡ್ತಾರೆ. ನಮ್ಮ ಬಿದಿರು ಕೋಲೂ ಅದೇ ತಾನೆ. ಅವರಲ್ಲಿ ಕೆಲವರು ಜೀವನಪೂರ್ತಿ ಒಂದೇ ಥರದ ಫ್ಲೈ ಇಟ್ಟುಕೊಂಡು, ಅದನ್ನ ಕುಣಿಸೋ ರೀತಿ ಮಾತ್ರ ಬದಲಿಸ್ತಾರೆ. ಕೋಲಿನ ತುದಿಯಿಂದ ಫ್ಲೈ ನೀರಿಗೆ ತಾಗಿಸಿ, ಒಂದು ಕ್ಷಣ ಬಿಟ್ಟು, ಸ್ವಲ್ಪ ನಡುಗಿಸ್ರಿ. ಬಿದ್ದ ಒರಲೆ ಒದ್ದಾಡೋದು ಹಂಗೇ.

ಮಿಂಚು-ಗುಡುಗು ಇದ್ದರೆ ಮನೆಯಲ್ಲೇ ಇರ್ರಿ. ಕಾರ್ಬನ್ ಕೋಲು ಇರೋರಿಗೆ ಇನ್ನೊಂದು ಮಾತು: ಅದರಲ್ಲಿ ಕರೆಂಟ್ ಹರಿಯುತ್ತೆ. ಕೆರೆ ದಂಡೆ ಮೇಲೆ ಪಂಪ್‌ಸೆಟ್ ತಂತಿ ಹಾದು ಹೋಗಿರ್ತಾವ, ಕೋಲು ಎತ್ತೋ ಮುಂಚೆ ತಲೆ ಎತ್ತಿ ನೋಡ್ರಿ. ಹೂಳು ತೆಗೆದ ಕೆರೆಯಲ್ಲಿ ದಂಡೆ ಪಕ್ಕದಲ್ಲೇ ಆಳ ಗುಂಡಿ ಇರ್ತಾವ, ಸಿಕ್ಕಿಬಿದ್ದ ಗಾಳ ಬಿಡಿಸೋಕೆ ಅಂತ ನೀರಿಗೆ ಇಳೀಬೇಡಿ. ಇಪ್ಪತ್ತು ರೂಪಾಯಿಯ ಕೊಕ್ಕೆ ಹೋದರೆ ಹೋಗ್ಲಿ.

ಕೆರೆ ಮೀನು ಯಾರದು?

ಇದನ್ನ ಓದಿ ನಾಳೆಯೇ ಕೋಲು ಹೊತ್ತು ಹೊರಡೋ ಮೊದಲು ಒಂದು ವಿಚಾರಣೆ ಮಾಡ್ರಿ. ನಮ್ಮ ಕೆರೆಗಳನ್ನ ಮೀನುಗಾರಿಕೆ ಇಲಾಖೆಯೋ ಗ್ರಾಮ ಪಂಚಾಯ್ತಿಯೋ ಮೀನುಗಾರರ ಸಹಕಾರ ಸಂಘಕ್ಕೆ ಅಥವಾ ಟೆಂಡರ್ ಹಿಡಿದವರಿಗೆ ಗುತ್ತಿಗೆ ಕೊಟ್ಟಿರ್ತಾವ. ಕಾಟ್ಲಾ, ರೋಹು, ಮೃಗಾಲ್ ನಮ್ಮ ನಿಂತ ನೀರಿನ ಕೆರೆಯಲ್ಲಿ ತಾವಾಗೇ ಮರಿ ಮಾಡಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಒಡಿಶಾದಲ್ಲಿ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸೋ ವಿಧಾನ ಕಂಡುಹಿಡಿದ ಮೇಲೆ ಮರಿ ಸಾಕಣೆ ಸಲೀಸಾಯ್ತು. ಸಂಘದವರು ಮರಿ ದುಡ್ಡು ಕೊಟ್ಟು ತಂದು ಬಿಡ್ತಾರೆ. ನೀವು ಮಜಾಕ್ಕೆ ಎಳೆದ ಎರಡು ಕೇಜಿ ರೋಹು ಇನ್ನೊಬ್ಬರ ಬಂಡವಾಳ. ಕಾವಲಿನವರು ಬೈದರೆ ಅವರ ತಪ್ಪಿಲ್ಲ. ಸಂಘದವರನ್ನ ಕೇಳಿ, ಕೆಲವರು ಜಿಲೇಬಿ-ಪಕ್ಕೆ ಹಿಡೀರಿ ಅಂತ ಬಿಡ್ತಾರೆ. ಬಿಡಲಿಲ್ಲ ಅಂದ್ರೆ ವಾಪಸ್ ಬರಬೇಕು. ಯಾವ ಕೆರೆ ಯಾರ ಹೆಸರಲ್ಲಿದೆ ಅನ್ನೋದು ತಾಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಗೊತ್ತಾಗುತ್ತೆ. ಸಿಡಿಮದ್ದು, ವಿಷ ಹಾಕೋದು 1897ರ ಕಾಯ್ದೆ ಕಾಲದಿಂದಲೇ ಅಪರಾಧ. ಕರೆಂಟ್ ಬಿಟ್ಟು ಮೀನು ಹಿಡಿಯೋರು ಮೀನಿನ ಜೊತೆ ತಮ್ಮ ಜೀವವನ್ನೂ ಪಣಕ್ಕಿಡ್ತಾರೆ.

ಖಾತ್ರಿ ಬೀಳೋ ಎರೆ

ಕಡೆಗೆ ಕೊರವ. ಕುಚ್ಚು ಅನ್ರಿ, ಮುರ್ರೆಲ್ ಅನ್ರಿ, ಊರಿಗೊಂದು ಹೆಸರು. ಹುಡುಗರು ರಬ್ಬರ್ ಕಪ್ಪೆ ಕೊಳ್ಳೋದೇ ಇದಕ್ಕಾಗಿ, ಪೇಟೆಯಲ್ಲಿ ರೇಟೂ ಹೆಚ್ಚು. ಇದು ಬೇಟೆಗಾರ ಮೀನು. ಕಪ್ಪೆ, ಸಣ್ಣ ಮೀನು ಏನೇ ಅಲುಗಾಡಿದರೂ ನುಗ್ಗುತ್ತೆ. ನೀರಿನ ನಡುಕವನ್ನ ಮೈ ಪಕ್ಕದ ಗೆರೆಯಿಂದ ತಿಳ್ಕೊಳ್ಳುತ್ತೆ. ಹಂಗಾಗಿ ಇದಕ್ಕೆ ಮಾತ್ರ ಕೃತಕ ಕಪ್ಪೆ ನಿಜಕ್ಕೂ ಕೆಲಸ ಮಾಡುತ್ತೆ. ಮುಂಜಾನೆ ಅಥವಾ ಸಂಜೆ, ಜೊಂಡು-ತಾವರೆ ಎಲೆ ಅಂಚಿಗೆ ಎಸೆದು, ಎಳೆದು, ನಿಲ್ಲಿಸಿ, ಮತ್ತೆ ಎಳೀಬೇಕು. ಕೊರವ ಗಾಳಿ ಕುಡಿಯೋಕೆ ಮೇಲೆ ಬರೋ ಮೀನು. 'ಗುಳಕ್' ಅಂತ ಸದ್ದು ಕೇಳಿದ ಕಡೆ ಅದು ಇರುತ್ತೆ.

ಮೊಬೈಲ್ ವಿಡಿಯೋಗಳಲ್ಲಿ ಇನ್ನೊಂದು ಉಪಾಯ ತೋರಿಸ್ತಾರೆ, ಖಾತ್ರಿ ಬೀಳುತ್ತೆ ಅಂತ. ಮಳೆಗಾಲದಲ್ಲಿ ನೀರಿನ ಮೇಲೆ ಒಂದು ತಟ್ಟೆಯಷ್ಟಗಲ ಜಾಗ ಕುದಿಯೋ ಎಸರಿನಂಗ ಗಿಜಿಗುಡ್ತಿರುತ್ತೆ, ಹತ್ತಿರ ಹೋದರೆ ಕೆಂಪು-ಕಿತ್ತಳೆ ಬಣ್ಣದ ನೂರಾರು ಮರಿ. ಅದರ ನಡುವೆ ಕಪ್ಪೆ ಎಸೀರಿ ಅಂತಾರೆ. ಹೌದು, ಬೀಳುತ್ತೆ. ಎರಡು-ಮೂರು ಎಸೆತಕ್ಕೇ ಬೀಳುತ್ತೆ. ಯಾಕೆ ಅಂದ್ರೆ ಆ ಮೀನು ಹಸಿವಿಗೆ ಬಾಯಿ ಹಾಕಿದ್ದಲ್ಲ. ಕೊರವದ ತಂದೆ-ತಾಯಿ ಮರಿಗಳ ಕೆಳಗೇ ಕಾವಲು ಇರ್ತಾವ. ಕಪ್ಪೆ ಮರಿ ತಿನ್ನೋಕೆ ಬಂತು ಅಂತ ಓಡಿಸೋಕೆ ಬಂದು ಕಚ್ಚುತ್ತೆ.

ನಾನು ಒಮ್ಮೆ ಹಿಂಗೆ ಹಿಡಿದೆ. ಒಂದೂವರೆ ಕೇಜಿ ಇತ್ತು. ಚೀಲಕ್ಕೆ ಹಾಕಿ ತಿರುಗಿ ನೋಡಿದಾಗ ಆ ಕೆಂಪು ಗುಂಪು ಅಲ್ಲೇ ಇತ್ತು, ಮೊದಲಿಗಿಂತ ಹತ್ತಿರ ಹತ್ತಿರ ಸೇರಿಕೊಂಡು. ಅರ್ಧ ಗಂಟೆಯೊಳಗೆ ಜಿಲೇಬಿ ಮೀನು ಸುತ್ತ ಸೇರಿದವು. ಮೇಲಿಂದ ಮಿಂಚುಳ್ಳಿ ಎರಡು ಸಲ ಇಳಿದು ಹೋಯ್ತು. ಕತ್ತಲಾಗೋ ಹೊತ್ತಿಗೆ ತಟ್ಟೆಯಷ್ಟಿದ್ದ ಗುಂಪು ಅಂಗೈಯಷ್ಟಾಗಿತ್ತು. ಮನೆಯಲ್ಲಿ ಸಾರು ಚೊಲೋ ಆಗಿತ್ತು ಅಂತ ಎಲ್ಲರೂ ಅಂದ್ರು.

ಈಗ ಜೂನ್‌ನಿಂದ ಆಗಸ್ಟ್‌ವರೆಗೆ ನನ್ನ ಚೀಲದಲ್ಲಿ ಕಪ್ಪೆ ಇರಲ್ಲ. 14 ನಂಬರಿನ ಕೊಕ್ಕೆ, ಕಂದು ದಾರ, ನಾಲ್ಕು ಹುಂಜದ ಪುಕ್ಕ ಇರುತ್ತೆ. ಒರಲೆ ಏಳೋ ಸಂಜೆಗೆ ಕಾಯ್ತಿರ್ತೀನಿ. ಆ ಅಜ್ಜ ಸಿಕ್ಕಾಗ ಪುಕ್ಕದ ಹುಳ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೇನು ಬೀಳ್ತಾವ?" ಅಂದ್ರು. ಪಕ್ಕೆ ಅಂದೆ. "ಹುರಿಯಾಕ ಅವೇ ಚೊಲೋ" ಅಂತ ಹೇಳಿ, ಎರಡು ಇಸ್ಕೊಂಡು ತಮ್ಮ ರುಮಾಲಿನ ಅಂಚಿಗೆ ಚುಚ್ಚಿಕೊಂಡ್ರು.